ಶಿವಮೊಗ್ಗ ದುರ್ಗಿಗುಡಿಯ ಈ ಲ್ಯಾಬ್: ಬೋನ್ ಮ್ಯಾರೋ ಕಸಿ ಆದ ಮಕ್ಕಳ ಮನೆಯವರಿಗಾಗಿ

ಶುಗರ್, ಥೈರಾಯ್ಡ್ ಟೆಸ್ಟಿಗೆ ಲ್ಯಾಬ್ ಹುಡುಕುತ್ತಿರುವವರಿಗೆ ಈ ಬರಹ ಅಷ್ಟಾಗಿ ಬೇಕಾಗಲಿಕ್ಕಿಲ್ಲ. ಅದಕ್ಕೆ ಶಿವಮೊಗ್ಗದಲ್ಲಿ ಬೀದಿಗೊಂದು ಲ್ಯಾಬ್ ಇದೆ. ಬೆಂಗಳೂರಿನಲ್ಲಿ ಮಗುವಿಗೆ ಬೋನ್ ಮ್ಯಾರೋ ಟ್ರಾನ್ಸ್‌ಪ್ಲಾಂಟ್ ಮಾಡಿಸಿ, ದಪ್ಪ ಫೈಲು ಹಿಡಿದು ಊರಿಗೆ ಬಂದು, "ಇನ್ನು ವಾರ ವಾರ ರಕ್ತ ಎಲ್ಲಿ ಕೊಡೋದು?" ಅಂತ ಯೋಚನೆಯಲ್ಲಿ ಕೂತವರಿಗಾಗಿ ಬರೆಯುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ ಕಡೆಯವರೂ ಓದಿ. ನಿಮಗೂ ಹತ್ತಿರದ ಊರು ಇದೇ ಅಲ್ವಾ.

ನಾನು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು. ಊರು ಮಂಡಗದ್ದೆ ಹತ್ತಿರ. ಮೊಮ್ಮಗನಿಗೆ ಏಳು ವರ್ಷ, ಮನೆಯಲ್ಲಿ ಪುಟ್ಟ ಅಂತ ಕರೆಯುತ್ತೇವೆ. ಅವನಿಗೆ ಬಂದಿದ್ದು ಅಪ್ಲಾಸ್ಟಿಕ್ ಅನೀಮಿಯಾ. ಮೂಳೆಯೊಳಗಿನ ಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿಬಿಡುವ ಕಾಯಿಲೆ. ಮಜ್ಜೆ ಕಸಿಗೆ ಅವನ ತಂಗಿಯದು ಹೊಂದಲಿಲ್ಲ. ಅಪ್ಪನದು ಅರ್ಧ ಹೊಂದಿತು. ಹಾಗೆ ಅರ್ಧ ಹೊಂದುವವರಿಂದ ಮಾಡುವ ಕಸಿಗೆ ಹ್ಯಾಪ್ಲೋ ಅಂತಾರೆ. ಮಗನ ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಮೂಲಕಣ) ಮೊಮ್ಮಗನಿಗೆ ಹೋಯಿತು, ಕಸಿ ಹಿಡಿಯಿತು. ಮೊದಲ ನೂರು ದಿನ ಬೆಂಗಳೂರಿನಲ್ಲೇ ಆಸ್ಪತ್ರೆ ಹತ್ತಿರ ಬಾಡಿಗೆ ಮನೆ ಮಾಡಿಕೊಂಡಿದ್ದರು. ಆಮೇಲೆ ಶಿವಮೊಗ್ಗಕ್ಕೆ ಬಂದೆವು. ಹಳ್ಳಿ ಮನೆಗೆ ಈಗಲೇ ಬೇಡ ಅಂತ ಡಾಕ್ಟರ್ ಅಂದಿದ್ದಕ್ಕೆ ವಿನೋಬನಗರದಲ್ಲಿ ಸಣ್ಣ ಮನೆ ಹಿಡಿದಿದ್ದೇವೆ.

ಕಸಿ ಹಿಡಿದರೆ ಗೆದ್ದಂತೆ ಅಂತ ನೆಂಟರೆಲ್ಲ ಹೇಳಿದರು. ಡಾಕ್ಟರ್ ಹಾಗೆ ಹೇಳಲಿಲ್ಲ. ರಕ್ತಕಣ ಕೆಲವು ವಾರದಲ್ಲಿ ಬರುತ್ತದೆ, ಆದರೆ ವೈರಸ್ಸಿನ ಜೊತೆ ಹೋರಾಡುವ ಟಿ ಸೆಲ್ ಅನ್ನುವ ಕಣಗಳು ಸರಿಯಾಗಿ ಬಲಿಯಲು ತಿಂಗಳುಗಟ್ಟಲೆ ಬೇಕು, ಕೆಲವೊಮ್ಮೆ ವರ್ಷವೂ ದಾಟುತ್ತದೆ ಅಂದರು. ಹ್ಯಾಪ್ಲೋ ಆದವರಿಗೆ ಇನ್ನೂ ತಡ. ಅದರ ಮೇಲೆ ಪುಟ್ಟನಿಗೆ ಜಿವಿಎಚ್‌ಡಿ ಬಂತು. ಅಂದರೆ ಅಪ್ಪನಿಂದ ಬಂದ ಕಣಗಳು ಮಗುವಿನ ಮೈಯನ್ನೇ ಪರಕೀಯ ಅಂದುಕೊಂಡು ಚರ್ಮದ ಮೇಲೆ, ಹೊಟ್ಟೆಯ ಮೇಲೆ ತಿರುಗಿಬಿದ್ದವು. ಅದನ್ನು ತಗ್ಗಿಸಲು ಸ್ಟಿರಾಯ್ಡ್ ಕೊಡಬೇಕು. ಸ್ಟಿರಾಯ್ಡ್ ಕೊಟ್ಟರೆ ಇದ್ದಬದ್ದ ಶಕ್ತಿಯೂ ಕುಗ್ಗುತ್ತದೆ. ಆಗ ವೈರಸ್ಸುಗಳಿಗೆ ದಾರಿ ಸಲೀಸು. ನೂರು ದಿನ ಮುಗಿದರೂ ನಮ್ಮ ರಕ್ತ ಪರೀಕ್ಷೆ ಮುಗಿಯದೆ ಇದ್ದಿದ್ದು ಇದಕ್ಕೇ.

ಎಲ್ಲಕ್ಕಿಂತ ಜಾಸ್ತಿ ಹೆದರಿಸಿದ್ದು ಸಿಎಂವಿ ಅನ್ನುವ ವೈರಸ್. ಪೂರ್ತಿ ಹೆಸರು ಸೈಟೋಮೆಗಾಲೋವೈರಸ್. ನಮ್ಮ ದೇಶದಲ್ಲಿ ದೊಡ್ಡವರಾದ ಬಹುಪಾಲು ಜನರ ಮೈಯಲ್ಲಿ ಇದು ಇದೆ. ನನ್ನ ಮೈಯಲ್ಲೂ ಇರಬಹುದು. ಚಿಕ್ಕಂದಿನಲ್ಲೇ ಬಂದು, ಸದ್ದಿಲ್ಲದೆ ಸೇರಿಕೊಂಡು, ಜೀವನ ಪೂರ್ತಿ ಮಲಗಿರುತ್ತದೆ. ಹೊರಗಿನಿಂದ ಯಾರೋ ತಂದು ಅಂಟಿಸಬೇಕೆಂದೇ ಇಲ್ಲ. ಮಗುವಿನ ಮೈಯಲ್ಲೇ ಇದ್ದಿದ್ದು, ಇಲ್ಲವೇ ದಾನ ಕೊಟ್ಟವರ ಕಣದ ಜೊತೆ ಬಂದಿದ್ದು, ಕಾವಲು ಸಡಿಲವಾದ ಕೂಡಲೇ ಏಳುತ್ತದೆ. ಎದ್ದು ಶ್ವಾಸಕೋಶಕ್ಕೋ, ಕರುಳಿಗೋ, ಕಣ್ಣಿಗೋ ಇಳಿದರೆ ಸಂಭಾಳಿಸುವುದು ಬಹಳ ಕಷ್ಟ. ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಡಾಕ್ಟರುಗಳು ಜ್ವರ, ಕೆಮ್ಮು ಬರಲಿ ಅಂತ ಕಾಯುವುದಿಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಪಿಸಿಆರ್ ಮಾಡಿ ವಾರ ವಾರ ಎಣಿಸುತ್ತಾರೆ. ಒಂದು ಮಟ್ಟ ದಾಟಿತು ಅಂದರೆ ಮಗು ಆಡಿಕೊಂಡಿದ್ದರೂ ಔಷಧಿ ಶುರು.

ಇಷ್ಟು ಗೊತ್ತಾದರೆ ಈ ಲ್ಯಾಬಿನ ಕೆಲಸದ ಬೆಲೆ ಗೊತ್ತಾಗುತ್ತದೆ. ಇಲ್ಲಿ ರಿಪೋರ್ಟ್ ಎರಡು ದಿನ ತಡವಾದರೆ ಬರೀ ಬೇಜಾರಿನ ವಿಷಯ ಅಲ್ಲ.

ಈ ಪಿಸಿಆರ್ ಪರೀಕ್ಷೆಯನ್ನು ಇವರು ಇಲ್ಲಿ ಮಾಡುವುದಿಲ್ಲ. ಅದನ್ನು ಮೊದಲ ದಿನವೇ ಲ್ಯಾಬಿನ ಮೇಡಂ ನೇರವಾಗಿ ಹೇಳಿದರು. ರಕ್ತ ತೆಗೆದು, ಸರಿಯಾಗಿ ಸಿದ್ಧ ಮಾಡಿ, ಬೆಂಗಳೂರಿನ ದೊಡ್ಡ ಲ್ಯಾಬಿಗೆ ಕಳಿಸುತ್ತಾರೆ. ಹಾಗಾದರೆ ಇವರು ಮಾಡುವುದೇನು ಅಂತ ಕೇಳಬಹುದು. ನಿಜವಾಗಿ ಕಷ್ಟದ ಭಾಗವನ್ನೆಲ್ಲ ಇವರೇ ಮಾಡುತ್ತಾರೆ.

ಮೊದಲು ಸೂಜಿ. ರಕ್ತ ತೆಗೆಯಲು, ಔಷಧಿ ಕೊಡಲು ಪುಟ್ಟನ ಎದೆಯಲ್ಲಿ ಇಟ್ಟಿದ್ದ ಲೈನನ್ನು (ನಳಿಗೆಯನ್ನು) ಊರಿಗೆ ಬರುವ ಮೊದಲೇ ತೆಗೆದಿದ್ದರು. ಅದಾದ ಮೇಲೆ ಪ್ರತಿ ಸಲವೂ ಕೈಗೇ ಚುಚ್ಚಬೇಕು. ಸ್ಟಿರಾಯ್ಡ್ ತಿಂದು ಊದಿಕೊಂಡ ಕೈ, ತಿಂಗಳುಗಟ್ಟಲೆ ಚುಚ್ಚಿಸಿಕೊಂಡ ನರ. ಇಲ್ಲಿ ರಕ್ತ ತೆಗೆಯುವ ಹುಡುಗ ಭದ್ರಾವತಿಯವನು, ವಯಸ್ಸು ಇಪ್ಪತ್ತೈದು ಇರಬಹುದು. ಅವನು ಮೊದಲು ಮಗುವಿನ ಕೈಯನ್ನು ಬಿಸಿನೀರಿನ ಬಟ್ಟೆಯಿಂದ ಬೆಚ್ಚಗೆ ಮಾಡುತ್ತಾನೆ. ಆತುರವೇ ಇಲ್ಲ. ಸಣ್ಣ ಬಟರ್‌ಫ್ಲೈ ಸೂಜಿ ಹಾಕುತ್ತಾನೆ. "ಪುಟ್ಟ, ಇವತ್ತು ಯಾವ ಕೈ ಕೊಡ್ತೀಯ? ನೀನೇ ಹೇಳು" ಅಂತ ಕೇಳುತ್ತಾನೆ. ಮಗು ಕೈ ಆರಿಸಿಕೊಳ್ಳುವುದರಲ್ಲಿ ಅರ್ಧ ಅಳು ನಿಂತಿರುತ್ತದೆ. ಎರಡು ಸಲ ಚುಚ್ಚಿಯೂ ಸಿಗದಿದ್ದರೆ ಅವನು ಮೂರನೆಯದಕ್ಕೆ ಕೈ ಹಾಕುವುದಿಲ್ಲ, ಮೇಡಂ ಅವರನ್ನು ಕರೆಯುತ್ತಾನೆ. ಈ ನಿಯಮ ಅವರದ್ದೇ. ಎಲ್ಲ ಕಡೆ ಹೀಗಿದ್ದಿದ್ದರೆ ಎಷ್ಟು ಮಕ್ಕಳು ಬಿಳಿ ಕೋಟು ಕಂಡರೆ ನಡುಗದೆ ಇರುತ್ತಿದ್ದರು.

ಮತ್ತೆ, ಎಷ್ಟು ಬೇಕೋ ಅಷ್ಟೇ ತೆಗೆಯುತ್ತಾರೆ. ರಕ್ತ ಆಗುವುದೇ ಕಷ್ಟವಾಗಿದ್ದ ಮಗು ಇದು. ದೊಡ್ಡವರ ಟ್ಯೂಬ್ ತುಂಬಾ ತೆಗೆಯುವ ಅಗತ್ಯ ಇಲ್ಲ. ನೇರಳೆ ಮುಚ್ಚಳದ ಚಿಕ್ಕ ಟ್ಯೂಬ್ ಇಟ್ಟುಕೊಂಡಿದ್ದಾರೆ. ಸಿಬಿಸಿ (ರಕ್ತಕಣಗಳ ಎಣಿಕೆ), ಕ್ರಿಯಾಟಿನಿನ್ (ಕಿಡ್ನಿ ಟೆಸ್ಟು), ಲಿವರ್ ಟೆಸ್ಟು, ಪಿಸಿಆರ್ ಎಲ್ಲವನ್ನೂ ಒಂದೇ ಚುಚ್ಚಿಗೆ ಮುಗಿಸುತ್ತಾರೆ.

ಆಮೇಲಿನದು ನಮಗೆ ಕಾಣದ ಕೆಲಸ. ನಾನು ಕೇಳಿದ್ದಕ್ಕೆ ಮೇಡಂ ಒಳಗೆ ಕರೆದು ತೋರಿಸಿದರು. ರಕ್ತ ತೆಗೆದ ಕೆಲವೇ ಗಂಟೆಯೊಳಗೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಮೇಲಿನ ಹಳದಿ ಪ್ಲಾಸ್ಮಾ ಬೇರೆ ಮಾಡುತ್ತಾರೆ. ಅದನ್ನು ಬೇರೆ ಟ್ಯೂಬಿಗೆ ಹಾಕಿ ಜೆಲ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ತಣ್ಣಗೆ ಇಡುತ್ತಾರೆ. ಎರಡರಿಂದ ಎಂಟು ಡಿಗ್ರಿ ಒಳಗೆ ಇರಬೇಕು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಕ್ಕಾಗಲ್ಲ. ಸೆಂಟ್ರಿಫ್ಯೂಜಿಗೂ ಫ್ರಿಡ್ಜಿಗೂ ಯುಪಿಎಸ್ ಇದೆ. ಡಬ್ಬಿ ರಾತ್ರಿ ಬಸ್ಸಿಗೆ ಹೋಗುತ್ತದೆ, ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತದೆ, ಅಲ್ಲಿ ಲ್ಯಾಬಿನವರು ಬಂದು ತೆಗೆದುಕೊಳ್ಳುತ್ತಾರೆ. ಇಷ್ಟು ವರ್ಷ ಆ ರೂಟಿನ ಬಸ್ಸುಗಳಲ್ಲಿ ದುಡಿದವನು ನಾನು. ಪಾರ್ಸೆಲ್ ಅಂದರೆ ಎಲ್ಲೆಲ್ಲಿ ಉಳಿದುಬಿಡುತ್ತದೆ ಅಂತ ನನಗೆ ಗೊತ್ತು. ಇವರ ಡಬ್ಬಿ ಉಳಿಯುವುದಿಲ್ಲ. ಬಸ್ ಹೊರಟ ಮೇಲೆ ಕಂಡಕ್ಟರ್ ಮೊಬೈಲ್ ನಂಬರನ್ನೂ ಬಸ್ ನಂಬರನ್ನೂ ಆ ಕಡೆಯವರಿಗೆ ಕಳಿಸುತ್ತಾರೆ. ಈ ಒಂದು ಕೆಲಸ ಮಾಡದೆ ಕಳೆದುಹೋದ ಸಾಮಾನು ಎಷ್ಟೋ.

ಈಗ ಮುಖ್ಯ ವಿಷಯ. ಇಲ್ಲಿಗೆ ಬರುವ ಮೊದಲು ಇನ್ನೊಂದು ಕಡೆ ಹೋಗಿದ್ದೆವು. ಹೆಸರು ಬೇಡ. ಚೀಟಿಯಲ್ಲಿ ಡಾಕ್ಟರ್ ಸ್ಪಷ್ಟವಾಗಿ ಸಿಎಂವಿ ಪಿಸಿಆರ್ ಕ್ವಾಂಟಿಟೇಟಿವ್ ಅಂತ ಬರೆದಿದ್ದರು. ಅವರು ಮಾಡಿದ್ದು ಸಿಎಂವಿ ಐಜಿಜಿ, ಐಜಿಎಂ. ಎರಡರಲ್ಲೂ ಸಿಎಂವಿ ಅಂತ ಇದೆಯಲ್ಲ, ಒಂದೇ ಅಂದುಕೊಂಡಿರಬೇಕು. ಒಂದೇ ಅಲ್ಲ. ಐಜಿಜಿ, ಐಜಿಎಂ ಅಂದರೆ ವೈರಸ್ಸಿನ ವಿರುದ್ಧ ಮೈ ತಯಾರಿಸಿದ ಪ್ರತಿಕಾಯ. ಕಸಿ ಆದ ಮಗುವಿನ ಮೈಗೆ ಅದನ್ನು ತಯಾರಿಸುವ ಶಕ್ತಿಯೇ ಇರುವುದಿಲ್ಲ. ವೈರಸ್ ತುಂಬಿಕೊಂಡಿದ್ದರೂ ಐಜಿಎಂ ನೆಗೆಟಿವ್ ಬರಬಹುದು. ಇನ್ನು ಐವಿಐಜಿ ಇಂಜೆಕ್ಷನ್ ಕೊಟ್ಟಿದ್ದರೆ ಬೇರೆಯವರ ಪ್ರತಿಕಾಯ ಮೈಗೆ ಬಂದಿರುತ್ತದೆ, ಐಜಿಜಿ ಪಾಸಿಟಿವ್ ತೋರಿಸುತ್ತದೆ. ಎರಡೂ ಈಗ ಏನಾಗುತ್ತಿದೆ ಅಂತ ಹೇಳುವುದಿಲ್ಲ. ಆ ನೆಗೆಟಿವ್ ರಿಪೋರ್ಟ್ ನೋಡಿ ನನ್ನ ಸೊಸೆ ದೇವರ ಮುಂದೆ ದೀಪ ಹಚ್ಚಿದ್ದಳು. ಬೆಂಗಳೂರಿನ ಡಾಕ್ಟರ್ ವಾಟ್ಸಾಪಿನಲ್ಲಿ ನೋಡಿ, "ಇದು ನಾನು ಕೇಳಿದ ಟೆಸ್ಟ್ ಅಲ್ಲ, ಇವತ್ತೇ ಮತ್ತೆ ಕಳಿಸಿ" ಅಂದರು. ಆ ವಾರ ಕೈ ತಪ್ಪಿತು, ಮಗುವಿಗೆ ಇನ್ನೊಂದು ಚುಚ್ಚು ಬಿತ್ತು.

ಅವತ್ತು ಸಂಜೆ ಈ ಲ್ಯಾಬಿಗೆ ಬಂದೆವು. ಮೇಡಂ ಚೀಟಿ ನೋಡಿ ಕೇಳಿದ ಮೊದಲ ಪ್ರಶ್ನೆ ಇದು: "ಬೆಂಗಳೂರಿನಲ್ಲಿ ಇದ್ದಾಗ ಯಾವ ಲ್ಯಾಬಿನಲ್ಲಿ ಮಾಡಿಸ್ತಿದ್ರಿ? ಪ್ಲಾಸ್ಮಾದಲ್ಲೋ, ಪೂರ್ತಿ ರಕ್ತದಲ್ಲೋ?" ನಾನು ಹಳೇ ರಿಪೋರ್ಟ್ ಕೊಟ್ಟೆ. ಅದೇ ಲ್ಯಾಬಿಗೇ ಕಳಿಸುವ ವ್ಯವಸ್ಥೆ ಮಾಡಿದರು. ಬೇರೆ ಲ್ಯಾಬಿಗೆ ಕಳಿಸಿದ್ದರೆ ಅವರಿಗೆ ಕಮಿಷನ್ ಜಾಸ್ತಿ ಸಿಗುತ್ತಿತ್ತೋ ಏನೋ, ಆ ಮಾತೇ ಬರಲಿಲ್ಲ. ಒಂದು ಲ್ಯಾಬಿನ ಸಂಖ್ಯೆಯನ್ನು ಇನ್ನೊಂದು ಲ್ಯಾಬಿನ ಸಂಖ್ಯೆ ಜೊತೆ ಇಟ್ಟು ನೋಡುವ ಹಾಗಿಲ್ಲ ಅಂತ ವಿವರಿಸಿದರು. ಯಂತ್ರ ಬೇರೆ, ಕಿಟ್ ಬೇರೆ. ಪ್ಲಾಸ್ಮಾಗಿಂತ ಪೂರ್ತಿ ರಕ್ತದಲ್ಲಿ ಸಾಮಾನ್ಯವಾಗಿ ಸಂಖ್ಯೆ ಜಾಸ್ತಿ ಬರುತ್ತದೆ. ಇದಕ್ಕೆಲ್ಲ ಒಂದು ಅಳತೆ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಸಿಎಂವಿಗೆ ಅಂತರರಾಷ್ಟ್ರೀಯ ಮಾನದಂಡ ತಂದಿದೆ. ಆಮೇಲೆ ಬಹಳ ಲ್ಯಾಬುಗಳು ಐಯು, ಅಂದರೆ ಅಂತರರಾಷ್ಟ್ರೀಯ ಯೂನಿಟ್ ಲೆಕ್ಕದಲ್ಲಿ ಕೊಡುತ್ತವೆ. ಆದರೂ ವ್ಯತ್ಯಾಸ ಪೂರ್ತಿ ಹೋಗಿಲ್ಲ. ನೀವು ಯಾವ ಲ್ಯಾಬಿಗೆ ಹೋದರೂ ಇದೊಂದನ್ನು ಹಿಡಿದುಕೊಳ್ಳಿ: ಮೊದಲಿಂದ ಕೊನೆತನಕ ಒಂದೇ ಲ್ಯಾಬು, ಒಂದೇ ಬಗೆಯ ಸ್ಯಾಂಪಲ್.

ಇನ್ನೊಂದು ಮಾತನ್ನೂ ಮೇಡಂ ಹೇಳಿಕೊಟ್ಟರು, ಅದರಿಂದ ಮನೆಯವರ ನಿದ್ದೆ ಉಳಿಯಿತು. ಸಂಖ್ಯೆ ಸ್ವಲ್ಪ ಏರಿದರೆ, ಸ್ವಲ್ಪ ಇಳಿದರೆ ಅದಕ್ಕೆ ಅರ್ಥ ಇಲ್ಲ. ಮೂರು ಪಟ್ಟಿಗಿಂತ ಕಡಿಮೆ ವ್ಯತ್ಯಾಸ ಪರೀಕ್ಷೆಯ ಏರುಪೇರೇ ಇರಬಹುದು. ನಾನೂರು ಇದ್ದದ್ದು ಆರುನೂರು ಆಯಿತು ಅಂದರೆ ಎದೆ ಒಡೆದುಕೊಳ್ಳಬೇಕಿಲ್ಲ. ನಾನೂರು ಹೋಗಿ ನಾಲ್ಕು ಸಾವಿರ ಆದರೆ ಅದು ನಿಜವಾದ ಏರಿಕೆ.

ನಮಗೆ ಆಗಿದ್ದು ಅದೇ. ಎಷ್ಟೋ ವಾರ 'ಪತ್ತೆಯಾಗಿಲ್ಲ' ಅಂತ ಬಂದಿತ್ತು. ಆಮೇಲೆ ಒಂದು ವಾರ ಕೆಲವು ನೂರು. ಮುಂದಿನ ವಾರ ಸಾವಿರಗಳಲ್ಲಿ. ಆ ದಿನ ಬೆಂಗಳೂರಿನಿಂದ ರಿಪೋರ್ಟ್ ಬಂದಾಗ ರಾತ್ರಿ ಒಂಬತ್ತು ದಾಟಿತ್ತು, ಲ್ಯಾಬ್ ಬಾಗಿಲು ಹಾಕಿತ್ತು. ಮೇಡಂ ಮನೆಯಿಂದಲೇ ಫೋನ್ ಮಾಡಿದರು. "ಯಜಮಾನ್ರೇ, ನಾಳೆ ಬೆಳಿಗ್ಗೆ ತನಕ ಕಾಯಬೇಡಿ, ಪಿಡಿಎಫ್ ಕಳಿಸಿದ್ದೀನಿ, ಈಗಲೇ ಡಾಕ್ಟರಿಗೆ ಹಾಕಿ" ಅಂದರು. ಪುಟ್ಟ ಆಗ ಹಾಸಿಗೆ ಮೇಲೆ ಕೂತು ತಂಗಿಯ ಜೊತೆ ಚೌಕಾಬಾರ ಆಡುತ್ತಿದ್ದ. ಜ್ವರ ಇಲ್ಲ, ಕೆಮ್ಮು ಇಲ್ಲ. ನೋಡಿದರೆ ಯಾರೂ ನಂಬುತ್ತಿರಲಿಲ್ಲ. ಡಾಕ್ಟರ್ ರಾತ್ರಿಯೇ ಉತ್ತರ ಕೊಟ್ಟರು, ಬೆಳಿಗ್ಗೆ ವಾಲ್‌ಗ್ಯಾನ್‌ಸೈಕ್ಲೋವಿರ್ ಶುರುವಾಯಿತು. ಈ ಫೋನಿಗೆ ಬಿಲ್ಲಿನಲ್ಲಿ ದುಡ್ಡು ಹಾಕುವುದಿಲ್ಲ. ನಾನು ಈ ಲ್ಯಾಬಿಗೆ ಜನ್ಮಪೂರ್ತಿ ಋಣಿ ಅಂತ ಹೇಳುವುದು ಈ ಫೋನಿಗಾಗಿಯೇ.

ಔಷಧಿ ಶುರುವಾದ ಮೇಲೆ ಲ್ಯಾಬಿನ ಕೆಲಸ ಇನ್ನೂ ಹೆಚ್ಚಾಗುತ್ತದೆ. ವಾಲ್‌ಗ್ಯಾನ್‌ಸೈಕ್ಲೋವಿರ್ ವೈರಸ್ಸನ್ನೂ ಹೊಡೆಯುತ್ತದೆ, ಜೊತೆಗೆ ಬಿಳಿ ರಕ್ತಕಣವನ್ನೂ ತಗ್ಗಿಸುತ್ತದೆ. ಅಪ್ಪನಿಂದ ಬಂದು ಈಗಷ್ಟೇ ಬೇರು ಬಿಟ್ಟ ಮಜ್ಜೆ ಅದು. ಹೀಗಾಗಿ ಸಿಬಿಸಿ ಪದೇಪದೇ ಬೇಕು. ಸಿಬಿಸಿ ಮಾತ್ರ ಇಲ್ಲೇ ಮಾಡುತ್ತಾರೆ, ಮಧ್ಯಾಹ್ನದೊಳಗೆ ರಿಪೋರ್ಟ್ ಕೈಗೆ ಬರುತ್ತದೆ. ನ್ಯೂಟ್ರೋಫಿಲ್ (ಬಿಳಿ ರಕ್ತಕಣದ ಒಂದು ಬಗೆ) ಇಳಿಯುತ್ತಿದೆ ಅಂತ ಒಂದು ಸಲ ಇವರೇ ಗುರುತಿಸಿ, ಯಂತ್ರದ ಲೆಕ್ಕ ನಂಬದೆ ಸ್ಲೈಡ್ ಮಾಡಿ ಮೈಕ್ರೋಸ್ಕೋಪಿನಲ್ಲಿ ನೋಡಿ ಖಚಿತ ಮಾಡಿ ಹೇಳಿದರು. ಡಾಕ್ಟರ್ ಡೋಸ್ ಸರಿಮಾಡಿ, ಕಣ ಏರಿಸುವ ಇಂಜೆಕ್ಷನ್ ಬರೆದರು. ಈ ಔಷಧಿ ಒಗ್ಗದವರಿಗೆ ಫಾಸ್ಕಾರ್ನೆಟ್ ಅಂತ ಇನ್ನೊಂದಿದೆ. ಅದನ್ನು ಡ್ರಿಪ್ಪಿನಲ್ಲೇ ಕೊಡಬೇಕು, ಅದು ಕಿಡ್ನಿಗೆ ಕಷ್ಟ. ನಮಗೆ ಅಲ್ಲಿಗೆ ಹೋಗುವ ಗತಿ ಬರಲಿಲ್ಲ. ವೈರಸ್ ಬರುವ ಮೊದಲೇ ತಡೆಯುವ ಲೆಟರ್ಮೋವಿರ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ 2017ರಲ್ಲಿ ದೊಡ್ಡವರಿಗೆ ಒಪ್ಪಿಗೆ ಸಿಕ್ಕಿತು, 2024ರಲ್ಲಿ ಮಕ್ಕಳಿಗೂ ವಿಸ್ತರಿಸಿದರು. ಅದು ರಕ್ತಕಣ ತಗ್ಗಿಸುವುದಿಲ್ಲವಂತೆ. ನಮ್ಮಂಥ ಮನೆಗಳಿಗೂ ಎಟುಕುವ ಬೆಲೆಗೆ ಅದು ಬರಲಿ ಅಂತ ಮನಸಾರೆ ಬೇಡಿಕೊಳ್ಳುತ್ತೇನೆ.

ಒಂದು ಎಚ್ಚರಿಕೆ ಇದರ ನಡುವೆಯೇ ಹೇಳಿಬಿಡುತ್ತೇನೆ. ವಾಲ್‌ಗ್ಯಾನ್‌ಸೈಕ್ಲೋವಿರ್ ಮಾತ್ರೆಯನ್ನು ಮನೆಯಲ್ಲಿ ಕುಟ್ಟಿ ಪುಡಿ ಮಾಡಿ ಕೊಡಬೇಡಿ. ಪುಡಿ ಕೈಗೆ, ಉಸಿರಿಗೆ ತಾಗುವುದು ಒಳ್ಳೆಯದಲ್ಲ, ಬಸುರಿಯರಂತೂ ಮುಟ್ಟಲೇಬಾರದು. ಮಗು ನುಂಗದಿದ್ದರೆ ಸಿರಪ್ ಬಗ್ಗೆ ಡಾಕ್ಟರನ್ನು ಕೇಳಿ.

ಸಿಎಂವಿ ಒಂದೇ ಅಲ್ಲ. ಅಡಿನೋವೈರಸ್ ಅಂತ ಇದೆ. ಸಾಮಾನ್ಯ ಮಕ್ಕಳಿಗೆ ನೆಗಡಿ, ಕಣ್ಣು ಕೆಂಪು, ಭೇದಿ ಮಾಡಿ ಹೋಗುವ ವೈರಸ್. ಕಸಿ ಆದವರಲ್ಲಿ ದೊಡ್ಡವರಿಗಿಂತ ಮಕ್ಕಳನ್ನೇ ಇದು ಜಾಸ್ತಿ ಕಾಡುತ್ತದೆ. ಎಷ್ಟೋ ಮಕ್ಕಳಲ್ಲಿ ರಕ್ತಕ್ಕೆ ಬರುವ ಮೊದಲು ಮಲದಲ್ಲಿ ಕಾಣಿಸುತ್ತದೆ. ಹಾಗಾಗಿ ಭೇದಿ ಶುರುವಾದಾಗ ಮಲದ ಸ್ಯಾಂಪಲ್ಲನ್ನೂ ಕಳಿಸಬೇಕಾಯಿತು. ಜಿವಿಎಚ್‌ಡಿ ಇಂದಲೋ ವೈರಸ್ಸಿಂದಲೋ ಅಂತ ತಿಳಿಯುವುದು ಮುಖ್ಯ, ಯಾಕೆಂದರೆ ಒಂದಕ್ಕೆ ಸ್ಟಿರಾಯ್ಡ್ ಏರಿಸಬೇಕು, ಇನ್ನೊಂದಕ್ಕೆ ಇಳಿಸಬೇಕು. ಮಲದ ಸ್ಯಾಂಪಲ್ ಅಂದರೆ ಮೂಗು ಮುಚ್ಚಿಕೊಳ್ಳುವ ಲ್ಯಾಬುಗಳನ್ನೂ ನೋಡಿದ್ದೇನೆ. ಇವರು ಡಬ್ಬಿ ಮೊದಲೇ ಮನೆಗೆ ಕಳಿಸಿ, ಎಷ್ಟು ಹಾಕಬೇಕು, ಹೇಗೆ ಮುಚ್ಚಬೇಕು ಅಂತ ಸೊಸೆಗೆ ಫೋನಿನಲ್ಲಿ ಸಮಾಧಾನವಾಗಿ ಹೇಳಿಕೊಟ್ಟರು. ಇಬಿವಿ ಅನ್ನುವ ಇನ್ನೊಂದು ವೈರಸ್ಸನ್ನೂ ಕೆಲವರಿಗೆ ನೋಡುತ್ತಾರೆ. ಅದು ಹೆಚ್ಚಾದರೆ ಗಂಟುಗಳು ಬೆಳೆದು ಕ್ಯಾನ್ಸರಿನ ರೂಪಕ್ಕೂ ಹೋಗಬಹುದು. ಮೂತ್ರದಲ್ಲಿ ರಕ್ತ ಕಂಡರೆ ಬಿಕೆ ವೈರಸ್ ನೋಡಿಸಿ ಅಂತಾರೆ. ಈ ಎಲ್ಲ ಪಿಸಿಆರ್‌ಗೂ ಇವರು ಸ್ಯಾಂಪಲ್ ಕಳಿಸುತ್ತಾರೆ.

ಮನೆಗೆ ಬಂದು ರಕ್ತ ತೆಗೆಯುವ ಸೌಲಭ್ಯ ಇದೆ. ಇದನ್ನು ಸೋಮಾರಿತನ ಅಂದುಕೊಳ್ಳಬೇಡಿ, ಬೇಡ ಅನ್ನಬೇಡಿ. ಲ್ಯಾಬಿನ ಬೆಂಚಿನ ಮೇಲೆ ಬೆಳಿಗ್ಗೆ ಕೂತಿರುವವರು ಯಾರು? ಜ್ವರ ಬಂದವರು, ಕೆಮ್ಮುವವರು. ಫ್ಲೂ, ಆರ್‌ಎಸ್‌ವಿ, ಪ್ಯಾರಾಇನ್‌ಫ್ಲುಯೆಂಜಾ ಇವೆಲ್ಲ ನಮಗೆ ಬರೀ ನೆಗಡಿ. ಕಸಿ ಆದ ಮಗುವಿಗೆ ಶ್ವಾಸಕೋಶದ ತನಕ ಇಳಿಯಬಹುದು, ಅವುಗಳಲ್ಲಿ ಹೆಚ್ಚಿನವಕ್ಕೆ ಸರಿಯಾದ ಔಷಧಿಯೇ ಇಲ್ಲ. ಮನೆಗೆ ಬರುವ ಹುಡುಗ ಪುಟ್ಟನನ್ನು ದಿನದ ಮೊದಲ ಮನೆಯಾಗಿ ಇಟ್ಟುಕೊಂಡಿದ್ದಾನೆ, ಬೇರೆ ರೋಗಿಗಳನ್ನು ಮುಟ್ಟುವ ಮುಂಚೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ತೊಳೆದು, ಹೊಸ ಮಾಸ್ಕ್ ಹಾಕಿ ಒಳಗೆ ಬರುತ್ತಾನೆ. ಒಂದು ಸಲ ಅವನಿಗೆ ಗಂಟಲು ಕೆರೆತ ಇತ್ತಂತೆ. ತಾನೇ ಫೋನ್ ಮಾಡಿ, "ಅಜ್ಜ, ನಾನು ಬರಲ್ಲ, ಇನ್ನೊಬ್ಬರನ್ನ ಕಳಿಸ್ತೀನಿ" ಅಂದ. ಆ ಹುಡುಗನ ತಂದೆತಾಯಿ ಪುಣ್ಯವಂತರು.

ಪಲ್ಸ್ ಪೋಲಿಯೋ ಭಾನುವಾರದ ವಿಷಯವನ್ನೂ ಇಲ್ಲೇ ಕೇಳಿ ತಿಳಿದೆ. ಪುಟ್ಟನ ತಂಗಿಗೆ ಎರಡು ವರ್ಷ. ಅಂಗನವಾಡಿಯವರು ಹನಿ ಹಾಕಲು ಮನೆಗೆ ಬರುವವರಿದ್ದರು. ಹನಿಯಲ್ಲಿ ಇರುವುದು ಜೀವಂತ ವೈರಸ್, ಬಲ ಕುಗ್ಗಿಸಿದ್ದು. ಹಾಕಿಸಿಕೊಂಡ ಮಗುವಿನ ಮಲದಲ್ಲಿ ಕೆಲವು ವಾರ ಹೊರಗೆ ಬರುತ್ತಿರುತ್ತದೆ. ಕಸಿ ಆದ ಮಗು ಇರುವ ಮನೆಯಲ್ಲಿ ಬಾಯಿ ಹನಿ ಬೇಡ, ಚುಚ್ಚುವ ಪೋಲಿಯೋ ಲಸಿಕೆ ಆಗುತ್ತದೆ. ಮೇಡಂ ಇದನ್ನು ನೆನಪಿಸಿ, "ನಿಮ್ಮ ಡಾಕ್ಟರನ್ನ ಕೇಳಿಕೊಳ್ಳಿ" ಅಂದರು. ಕೇಳಿದೆವು, ಅವರೂ ಅದನ್ನೇ ಹೇಳಿದರು. ಅಂಗನವಾಡಿಯವರಿಗೆ ವಿವರಿಸಿದಾಗ ಅವರೂ ಒಪ್ಪಿದರು. ಪುಟ್ಟನಿಗೆ ಮೊದಲು ಹಾಕಿಸಿದ್ದ ಲಸಿಕೆಗಳ ಬಲವೂ ಈಗ ಉಳಿದಿಲ್ಲ, ಎಲ್ಲ ಹೊಸದಾಗಿ ಹಾಕಿಸಬೇಕು. ದಡಾರದಂಥ ಜೀವಂತ ಲಸಿಕೆಗೆ ಕಸಿಯಾಗಿ ಎರಡು ವರ್ಷ ಕಳೆದಿರಬೇಕು, ಸ್ಟಿರಾಯ್ಡ್, ಜಿವಿಎಚ್‌ಡಿ ಯಾವುದೂ ಇರಬಾರದು. ಮನೆಯ ದೊಡ್ಡವರೆಲ್ಲ ಫ್ಲೂ ಇಂಜೆಕ್ಷನ್ ಹಾಕಿಸಿಕೊಂಡಿದ್ದೇವೆ.

ನಮ್ಮ ಮಲೆನಾಡಿನದೇ ಒಂದು ವೈರಸ್ ಇದೆ, ಅದನ್ನು ಬಿಟ್ಟು ಬರೆದರೆ ತಪ್ಪಾಗುತ್ತದೆ. ಮಂಗನ ಕಾಯಿಲೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್, ಕಾಡಿನ ಹೆಸರಲ್ಲೇ ಕೆಎಫ್‌ಡಿ ಅಂತ ಕರೆಯುತ್ತಾರೆ. ಉಣುಗು ಕಚ್ಚಿದರೆ ಬರುತ್ತದೆ. ಚಳಿಗಾಲದಿಂದ ಬೇಸಿಗೆ ತನಕ ಜಾಸ್ತಿ. ಮಂಗನ ಕಾಯಿಲೆ ಕಸಿಯಿಂದ ಬರುವುದಲ್ಲ. ಆದರೆ ನಮ್ಮ ಹಳ್ಳಿ ಮನೆ ಕಾಡಿನ ಅಂಚಿನಲ್ಲಿದೆ. ಕೊಟ್ಟಿಗೆಗೆ ದರಗು (ಒಣ ಎಲೆ) ತರುತ್ತೇವೆ, ದನ ಕಾಡಿಗೆ ಹೋಗಿ ಬರುತ್ತದೆ, ಎರಡರ ಜೊತೆಯೂ ಉಣುಗು ಮನೆಗೆ ಬರುತ್ತದೆ. ಬೆಂಗಳೂರಿನ ಡಾಕ್ಟರಿಗೆ ಇದನ್ನು ನಾವೇ ಹೇಳಬೇಕಾಯಿತು. ಹೇಳಿದ ಮೇಲೆ ಅವರು ಊರಿನ ಮನೆ ಸದ್ಯಕ್ಕೆ ಬೇಡವೇ ಬೇಡ ಅಂದರು. ನಾನು ಊರಿಗೆ ಹೋಗುವಾಗ ಉಣುಗು ಹತ್ತದ ಹಾಗೆ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗುತ್ತೇನೆ. ವಾಪಸ್ ಬಂದು ಬಟ್ಟೆ ಹೊರಗೇ ಬಿಚ್ಚಿ, ಬಿಸಿನೀರಲ್ಲಿ ಸ್ನಾನ ಮಾಡಿದ ಮೇಲೇ ಪುಟ್ಟನನ್ನು ಎತ್ತಿಕೊಳ್ಳುವುದು. ಮಂಗನ ಕಾಯಿಲೆ ಪರೀಕ್ಷೆ ಈ ಲ್ಯಾಬಿನಲ್ಲಿ ಇಲ್ಲ. ಅದನ್ನು ಕೇಳಿದಾಗ ಅವರು ಸುತ್ತಿ ಬಳಸಿ ಮಾತಾಡಲಿಲ್ಲ. ಸರ್ಕಾರದ ವೈರಸ್ ಪತ್ತೆ ಪ್ರಯೋಗಾಲಯ ಶಿವಮೊಗ್ಗದಲ್ಲೇ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕವೋ ಮೆಗ್ಗಾನ್ ಆಸ್ಪತ್ರೆ ಮೂಲಕವೋ ಸ್ಯಾಂಪಲ್ ಹೋಗುತ್ತದೆ ಅಂತ ದಾರಿ ತೋರಿಸಿದರು. ತಮ್ಮಲ್ಲಿ ಇಲ್ಲದ್ದನ್ನು ಇಲ್ಲ ಅನ್ನುವ ಲ್ಯಾಬನ್ನು ನಾನು ನಂಬುತ್ತೇನೆ.

ಕೊರತೆ ಇಲ್ಲವೇ? ಇದೆ. ಪಿಸಿಆರ್ ಒಂದಕ್ಕೆ ನಾಲ್ಕು ಸಾವಿರದ ಆಸುಪಾಸು ಆಗುತ್ತದೆ, ಮನೆಗೆ ಬರುವ ಚಾರ್ಜು ಬೇರೆ. ವಾರ ವಾರ ಅಂದರೆ ನಿವೃತ್ತ ಕಂಡಕ್ಟರನ ಮನೆಗೆ ಭಾರವೇ. ಬೆಂಗಳೂರಿಗೆ ಹೋಗಿಬರುವ ಕಾರು, ರಜೆ, ಮಗುವಿನ ದಣಿವು ಲೆಕ್ಕ ಹಾಕಿದರೆ ಕಡಿಮೆ, ಅದು ನಿಜ. ಆದರೂ ದೀರ್ಘಕಾಲ ಬರುವ ಮಕ್ಕಳಿಗೆ ಅಂತ ಒಂದು ರಿಯಾಯಿತಿ ಬರೆದಿಟ್ಟರೆ ಒಳ್ಳೆಯದು. ಈಗ ಕೇಳಿದವರಿಗೆ ಮಾತ್ರ ಸ್ವಲ್ಪ ಬಿಡುತ್ತಾರೆ. ಎಲ್ಲರಿಗೂ ಬಾಯಿಬಿಟ್ಟು ಕೇಳಲು ಆಗುವುದಿಲ್ಲ.

ವಾಟ್ಸಾಪಿನಲ್ಲಿ ಬರುವ ಅವರ ಸಾರಾಂಶದ ಮೆಸೇಜಿನಲ್ಲಿ ಸಂಖ್ಯೆ ಇರುತ್ತದೆ, ಅಳತೆ ಇರುವುದಿಲ್ಲ. ಕಾಪಿ ಲೆಕ್ಕವೋ ಐಯು ಲೆಕ್ಕವೋ ಅಂತ ಪಿಡಿಎಫ್ ತೆರೆದೇ ನೋಡಬೇಕು. ಎರಡು ಸಲ ಹೇಳಿದ್ದೇನೆ, ಇನ್ನೂ ಸರಿಯಾಗಿಲ್ಲ. ದಸರಾ, ದೀಪಾವಳಿ ಸಾಲು ರಜೆಯಲ್ಲಿ ಸ್ಯಾಂಪಲ್ ಹೋಗುವುದು ತಡ, ಆ ಕಡೆ ಲ್ಯಾಬಿನಲ್ಲೂ ಜನ ಇರುವುದಿಲ್ಲ. ಹಬ್ಬದ ವಾರ ಬಂದರೆ ಒಂದೆರಡು ದಿನ ಮೊದಲೇ ರಕ್ತ ಕೊಟ್ಟುಬಿಡಿ. ಲ್ಯಾಬ್ ಇರುವುದು ಮೊದಲ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಸ್ಟಿರಾಯ್ಡಿನಿಂದ ಕಾಲು ಸೋತ ಮಕ್ಕಳನ್ನು ಎತ್ತಿಕೊಂಡೇ ಹತ್ತಬೇಕು. ಗಾಡಿ ನಿಲ್ಲಿಸುವ ಜಾಗದ ಕಷ್ಟ ದುರ್ಗಿಗುಡಿ ಗೊತ್ತಿರುವವರಿಗೆ ಹೇಳಬೇಕಿಲ್ಲ.

ಹೋಗುವ ಮುಂಚೆ ಫೋನ್ ಮಾಡಿ "ಟ್ರಾನ್ಸ್‌ಪ್ಲಾಂಟ್ ಆದ ಮಗು" ಅಂತ ಮೊದಲೇ ಹೇಳಿ. ಹಳೆಯ ಪಿಸಿಆರ್ ರಿಪೋರ್ಟ್ ಒಂದನ್ನು ತೆಗೆದುಕೊಂಡು ಹೋಗಿ. ನಾನು ಕೆಲಸದಲ್ಲಿದ್ದಾಗ ವೇಬಿಲ್ ಬರೆಯುತ್ತಿದ್ದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ತಾರೀಕು, ವೈರಸ್ ಸಂಖ್ಯೆ, ಬಿಳಿ ಕಣ, ಔಷಧಿ ಡೋಸ್ ಸಾಲಾಗಿ ಬರೆದಿಟ್ಟಿದ್ದೇನೆ. ಡಾಕ್ಟರ್ ಫೈಲು ಬಿಡಿಸುವ ಮೊದಲು ಅದನ್ನೇ ಕೇಳುತ್ತಾರೆ. ಮಗುವಿಗೆ ಜ್ವರ 38 ಡಿಗ್ರಿ ಸೆಲ್ಸಿಯಸ್ (100.4 ಫ್ಯಾರನ್‌ಹೀಟ್) ಮುಟ್ಟಿದರೆ, ಉಸಿರು ಜೋರಾದರೆ, ಸಿಡುಬಿನಂಥ ಗುಳ್ಳೆ ಕಂಡರೆ, ಇಲ್ಲವೇ ಅಮ್ಮ (ಚಿಕನ್‌ಪಾಕ್ಸ್) ಬಂದ ಮಕ್ಕಳ ಹತ್ತಿರ ಹೋಗಿದ್ದರೆ ಲ್ಯಾಬಿಗಲ್ಲ, ನೇರ ಡಾಕ್ಟರಿಗೆ ಫೋನ್ ಮಾಡಿ.

ಪುಟ್ಟನ ಸಂಖ್ಯೆ ಇಳಿದು ಮತ್ತೆ 'ಪತ್ತೆಯಾಗಿಲ್ಲ' ಆಗಿದೆ. ಸ್ಟಿರಾಯ್ಡ್ ಕಡಿಮೆ ಮಾಡುತ್ತಿದ್ದಾರೆ, ಪರೀಕ್ಷೆ ಈಗ ಎರಡು ವಾರಕ್ಕೊಂದು. ಬೆಳಿಗ್ಗೆ ಆರೂವರೆಗೆ ಲ್ಯಾಬ್ ತೆಗೆಯುತ್ತಾರೆ, ಮನೆಗೆ ಕರೆಯುವುದಾದರೆ ಹಿಂದಿನ ದಿನ ಸಂಜೆಯೊಳಗೆ ಹೇಳಬೇಕು. ಪಿಸಿಆರ್ ಸ್ಯಾಂಪಲ್ಲನ್ನು ಶನಿವಾರ ಕೊಡಬೇಡಿ, ಭಾನುವಾರ ಬೆಂಗಳೂರಿನಲ್ಲಿ ತೆಗೆದುಕೊಳ್ಳುವವರು ಇರುವುದಿಲ್ಲ. ಸೋಮವಾರದಿಂದ ಗುರುವಾರದೊಳಗೆ ಕೊಟ್ಟರೆ ಆ ವಾರವೇ ರಿಪೋರ್ಟ್ ಬರುತ್ತದೆ.